ಟ್ಯಾಂಕಿಗೆ ಮರಳದ ಡೀಸೆಲ್: ಒಂದು ಹತ್ತು ಚಕ್ರದ ಗಾಡಿಯ ಫೀಡ್ ಪಂಪ್, ರಿಟರ್ನ್ ಲೈನ್ ಪ್ರಕರಣ

ಗಾಡಿ 2012ರ ಮಾಡೆಲ್, ಬಿಎಸ್-3 (ಹೊಗೆ ನಿಯಮದ ಹಳೆಯ ಹಂತ), ಆರು ಸಿಲಿಂಡರಿನ ಟರ್ಬೊ ಎಂಜಿನ್, ಹತ್ತು ಚಕ್ರ. ಎಂಜಿನ್‌ಗೆ ಡೀಸೆಲ್ ಅಳೆದು ಒತ್ತುವ ಇಂಜೆಕ್ಷನ್ ಪಂಪು ಇನ್‌ಲೈನ್ ಮಾದರಿಯದು, ಅಂದರೆ ಎಲ್ಲ ಸಿಲಿಂಡರಿನ ಭಾಗಗಳೂ ಒಂದೇ ಸಾಲಿನಲ್ಲಿ. ಸೇಡಂ ಕಡೆಯಿಂದ ಸಿಮೆಂಟ್ ಹೇರಿಕೊಂಡು ಕಲಬುರಗಿ, ಹುಮನಾಬಾದ್ ಮೇಲೆ ಬೀದರ್ ಮುಟ್ಟುವುದು ಅದರ ವರ್ಷದ ಹೆಚ್ಚಿನ ದುಡಿಮೆ. ಸುಗ್ಗಿ ಬಂದರೆ ತೊಗರಿ ಚೀಲ. ಮೇ ತಿಂಗಳಲ್ಲಿ ಅದು ಕಪನೂರು ಕೈಗಾರಿಕಾ ಪ್ರದೇಶದ ಹತ್ತಿರವಿರುವ, ಡೀಸೆಲ್ ಪಂಪ್ ರಿಪೇರಿ ಮಾಡುವ ನಮ್ಮ ಪಂಪ್ ರೂಮಿಗೆ ಬಂತು. ಮಾಲೀಕರ ಬೇಡಿಕೆ ಒಂದೇ ಸಾಲಿನದು.

"ಉಸ್ತಾದ್, ಪಂಪ್ ಸ್ವಲ್ಪ ಏರಿಸಿ ಕೊಡ್ರಿ. ಗಾಡಿ ಎಳೀವಲ್ದು."

ಪಂಪ್ ಏರಿಸುವುದೆಂದರೆ ಫುಲ್ ಲೋಡ್ ಸ್ಕ್ರೂ ತಿರುಗಿಸಿ, ಒಂದೊಂದು ಸಲಕ್ಕೂ ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ನೋಝಲ್‌ಗೆ ಹೋಗುವ ಡೀಸೆಲ್ ಹೆಚ್ಚಿಸುವುದು. ಹುಮನಾಬಾದ್ ರಿಂಗ್ ರೋಡಿನಿಂದ ಹಿಡಿದು ಸೊಲ್ಲಾಪುರದವರೆಗೆ ಯಾರನ್ನು ಕೇಳಿದರೂ ಎಳೆಯದ ಗಾಡಿಗೆ ಇದೇ ಮದ್ದು ಹೇಳುತ್ತಾರೆ. 2018ರ ಜುಲೈಯಲ್ಲಿ ಕೇಂದ್ರ ಸರ್ಕಾರ ಮೂರು ಆಕ್ಸಲ್ ಗಾಡಿಯ ಒಟ್ಟು ತೂಕದ ಮಿತಿಯನ್ನು 25 ಟನ್ನಿಂದ 28.5 ಟನ್ನಿಗೆ ಏರಿಸಿದ ಮೇಲಂತೂ ಈ ಬೇಡಿಕೆ ಇನ್ನೂ ಹೆಚ್ಚಾಯಿತು. ಹೊಸ ಗಾಡಿಗಳ ಜೊತೆ ಬಾಡಿಗೆಗೆ ಪೈಪೋಟಿ ಮಾಡಬೇಕು, ಆದರೆ ಹಳೆಯ ಗಾಡಿಯ ಎಂಜಿನ್ ಇದ್ದಷ್ಟೇ ಇದೆ. ಮಾಲೀಕರ ಕಷ್ಟ ಸುಳ್ಳಲ್ಲ.

ಆದರೆ ನನಗೆ ಬೇಕಾದ ಮಾತು ಡ್ರೈವರ್ ಬಾಯಿಂದ ಬಂತು. ಇಂಥ ಕೆಲಸದಲ್ಲಿ ಯಾವಾಗಲೂ ಹೀಗೆಯೇ. ಮಾಲೀಕರು ಮದ್ದು ಹೇಳುತ್ತಾರೆ, ಡ್ರೈವರ್ ರೋಗ ಹೇಳುತ್ತಾನೆ.

"ಅಣ್ಣಾ, ಮುಂಜಾನಿ ತಂಪನಾಗ ಚಲೋ ಎಳಿತದ. ಬಿಸಿಲೇರ್ತಂದ್ರ, ಕಮಲಾಪುರ ದಾಟಿದ ಮ್ಯಾಲ ಏರಿನಾಗ ಥರ್ಡ್ ಗೇರಿಗೆ ಬಂದು ಕೂಡ್ತದ. ನಡುನಡು ಮಿಸ್ಸಿಂಗ್ ಹೊಡಿತದ. ಟ್ಯಾಂಕ್ ಅರ್ಧಕ್ಕಿಂತ ಕೆಳಗ ಇಳೀತಂದ್ರ ಇನ್ನಾ ಖರಾಬ್."

"ಹೊಗೆ?"

"ಹೊಗೆ ಏನಿಲ್ಲಣ್ಣಾ. ಸಾಫ್ ಅದ."

ಮಿಸ್ಸಿಂಗ್ ಅಂದರೆ ಯಾವುದೋ ಸಿಲಿಂಡರ್ ಸರಿಯಾಗಿ ಉರಿಯದೆ ಎಂಜಿನ್ ತಡವರಿಸುವುದು. ಹೊಗೆಯ ಬಗ್ಗೆ ಅವನ ಈ ಕೊನೆಯ ಉತ್ತರಕ್ಕಂತೂ ಬೆಲೆ ಕಟ್ಟಲಾಗದು. ಲೋಡಿನಲ್ಲಿ ಏರು ಹತ್ತುವಾಗ ಗಾಡಿ ಎಳೆಯದೆ ಕಪ್ಪು ಹೊಗೆ ಉಗುಳಿದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್, ಟರ್ಬೊ, ಅದರ ರಬ್ಬರ್ ಹೋಸ್ ಕಡೆ ನೋಡಬೇಕು. ಎಳೆಯುವುದೂ ಇಲ್ಲ, ಹೊಗೆಯೂ ಇಲ್ಲ ಅಂದರೆ ನೋಝಲ್‌ವರೆಗೆ ಡೀಸೆಲ್ಲೇ ಪೂರ್ತಿ ತಲುಪುತ್ತಿಲ್ಲ. ಪಂಪಿಗೆ ಬಾರದ ಡೀಸೆಲ್ಲನ್ನು ಸ್ಕ್ರೂ ತಿರುಗಿಸಿ ತರಲಾಗದು. ಬಿಸಿಲಿಗೂ ಟ್ಯಾಂಕಿನ ಮಟ್ಟಕ್ಕೂ ಸಂಬಂಧ ಇದೆ ಅಂತ ಅವನೇ ಹೇಳಿದ್ದರಿಂದ ನನ್ನ ಅನುಮಾನ ಇಂಜೆಕ್ಷನ್ ಪಂಪ್ ಬಿಟ್ಟು ಟ್ಯಾಂಕಿನ ಕಡೆ ಹೊರಳಿತು.

ದಾರಿಯ ಬಗ್ಗೆ ಒಂದು ಮಾತು. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಬೀದರ್ 600 ಮೀಟರಿಗೂ ಮೇಲೆ. ಮಹಾಗಾಂವ್ ಕ್ರಾಸ್, ಕಮಲಾಪುರ, ಕಿಣ್ಣಿ ಸಡಕ್ ಅಂತ ಒಂದೊಂದೇ ಮೆಟ್ಟಿಲು ಹತ್ತಿದ ಹಾಗೆ ರಸ್ತೆ ಏರುತ್ತದೆ. ಕಾರಿನವರಿಗೆ ಇದು ಗೊತ್ತೂ ಆಗುವುದಿಲ್ಲ. ಸಿಮೆಂಟ್ ಹೇರಿದ ಗಾಡಿಗೆ ಮಾತ್ರ ಆಕ್ಸಿಲರೇಟರ್ ಪೂರ್ತಿ ತುಳಿದು ನಿಮಿಷಗಟ್ಟಲೆ ಹೋಗಬೇಕಾದ ದಾರಿ ಇದು. ಪಂಪಿಗೆ ಡೀಸೆಲ್ ಸಾಲದೆ ಬಂದರೆ ಅದು ಊರೊಳಗೆ ತಿಳಿಯದು, ಇಂಥ ಕಡೆಯೇ ತಿಳಿಯಬೇಕು.

ಬಾನೆಟ್ ಎತ್ತುವ ಮೊದಲೇ ಇನ್ನೊಂದು ಸಂಗತಿ ಹೊರಬಿತ್ತು. ಆ ಬೇಸಿಗೆಯ ಆರಂಭದಲ್ಲಿ ಬೇರೆ ಊರಿನ ಗ್ಯಾರೇಜೊಂದರಲ್ಲಿ "ಫೀಡ್ ಪಂಪ್ ವೀಕ್ ಆಗ್ಯದ" ಎಂದು ಹೇಳಿ 24 ವೋಲ್ಟಿನ ಎಲೆಕ್ಟ್ರಿಕ್ ಪಂಪು ಕೂಡಿಸಿದ್ದರು. ಚಾಸಿಯ ಮೇಲೆ, ಟ್ಯಾಂಕಿನ ಮಗ್ಗುಲಲ್ಲಿ. ಅದು ಕೂತ ಮೇಲೆ ಮುಂಜಾನೆ ಸೆಲ್ಫ್ ಹೊಡೆಯುವ ಕಾಟ ನಿಂತಿತಂತೆ, ಏರಿನಲ್ಲೂ ಸ್ವಲ್ಪ ಹಗುರಾಯಿತಂತೆ. ಮಧ್ಯಾಹ್ನದ ಸೋಮಾರಿತನ ಹೋಗಲಿಲ್ಲ. ಹಾಗಾಗಿ ಉಳಿದ ಅರ್ಧ ಕೆಲಸಕ್ಕೆ ಪಂಪ್ ಏರಿಸಲು ನಮ್ಮಲ್ಲಿಗೆ ಬಂದಿದ್ದರು.

ನಾನು ಮೊದಲು ಎಳೆದದ್ದು ಎಂಜಿನ್ ಆಯಿಲ್‌ನ ಡಿಪ್‌ಸ್ಟಿಕ್. ಆಯಿಲ್ ಮೇಲಿನ ಗೆರೆ ದಾಟಿ ಎರಡು ಬೆರಳು ಮೇಲಿತ್ತು. ಕಡ್ಡಿಯ ತುದಿಯಿಂದ ಹನಿ ಕೂತು ಬೀಳಬೇಕಾದ ಆಯಿಲ್ ನೀರಿನ ಹಾಗೆ ಸರಸರ ಇಳಿಯಿತು. ಮೂಗಿನ ಹತ್ತಿರ ಹಿಡಿದರೆ ಡೀಸೆಲ್ ವಾಸನೆ. ಹಳೆಯ ಪೇಪರಿನ ಮೇಲೆ ಒಂದು ಹನಿ ಬಿಟ್ಟೆ: ನಡುವೆ ಕಪ್ಪು ಚುಕ್ಕೆ, ಅದರ ಸುತ್ತ ಎಣ್ಣೆಯ ತೆಳು ವರ್ತುಲ ಬೇಗಬೇಗ ಹರಡಿತು.

ಮಾಲೀಕರ ಮುಖ ಸಪ್ಪಗಾಯಿತು. "ಆಯಿಲ್ ಕಮ್ಮಿ ಆಗೋದು ಕೇಳೀನಿ, ಹೆಚ್ಚಾಗೋದು ಹ್ಯಾಂಗ್ರಿ?"

ಅದಕ್ಕೆ ಉತ್ತರ ಕೊಡಬೇಕಾದರೆ ಈ ಪಂಪಿನ ಹೊಟ್ಟೆಯೊಳಗೆ ಏನಿದೆ ಅಂತ ಹೇಳಲೇಬೇಕು. ರಾಬರ್ಟ್ ಬಾಷ್ 1927ರಲ್ಲಿ ಇನ್‌ಲೈನ್ ಪಂಪು ತಯಾರಿಸಿ ಮಾರಲು ಶುರುಮಾಡಿದಾಗಿನಿಂದ ಇದರ ಮೂಲ ರಚನೆ ಬದಲಾಗಿಲ್ಲ. 1951ರಲ್ಲಿ ಬೆಂಗಳೂರಿನಲ್ಲಿ ಮೈಕೊ ಬಂತು, 2008ರಲ್ಲಿ ಆ ಕಂಪನಿಯ ಹೆಸರು ಬಾಷ್ ಆಯಿತು. ನಮ್ಮ ಕಡೆ ಇವತ್ತಿಗೂ ಯಾವ ಕಂಪನಿಯ ಪಂಪಾದರೂ ಮೈಕೊ ಪಂಪೇ. ಆರು ಸಿಲಿಂಡರಿಗೆ ಆರು ಎಲಿಮೆಂಟ್ (ನೋಝಲ್ ಕಡೆ ಡೀಸೆಲ್ ಒತ್ತುವ ಸಣ್ಣ ಪಂಪುಗಳು), ಕೆಳಗೆ ಅವನ್ನು ಎತ್ತುವ ಕ್ಯಾಮ್‌ಶಾಫ್ಟ್, ಎಲಿಮೆಂಟ್‌ಗಳ ಸುತ್ತ ಡೀಸೆಲ್ ತುಂಬಿದ ಗ್ಯಾಲರಿ. ಪಂಪಿನ ಮಗ್ಗುಲಿಗೆ ಫೀಡ್ ಪಂಪು. ಅದು ಟ್ಯಾಂಕಿನಿಂದ ಡೀಸೆಲ್ ಎಳೆದು ಫಿಲ್ಟರ್ ಮೂಲಕ ಗ್ಯಾಲರಿಗೆ ಒತ್ತುತ್ತದೆ. ಎಲಿಮೆಂಟ್‌ಗಳು ಬೇಕಾದಷ್ಟು ತೆಗೆದುಕೊಂಡು ಉಳಿದದ್ದು ಗ್ಯಾಲರಿಯ ಇನ್ನೊಂದು ತುದಿಯ ಓವರ್‌ಫ್ಲೋ ವಾಲ್ವ್ ದಾಟಿ ಟ್ಯಾಂಕಿಗೆ ವಾಪಸ್.

ಈ ಉಳಿದದ್ದು ಎಷ್ಟು ಅನ್ನುವುದನ್ನು ಮಾಲೀಕರಿಗೆ ಲೆಕ್ಕ ಹಾಕಿ ತೋರಿಸಿದೆ, ಯಾಕೆಂದರೆ ಹೆಚ್ಚಿನವರು ರಿಟರ್ನ್ ಪೈಪಿನಲ್ಲಿ ಹನಿಹನಿ ಬರುತ್ತದೆ ಅಂದುಕೊಂಡಿದ್ದಾರೆ. ಸುಮಾರು 160 ಅಶ್ವಶಕ್ತಿಯ ಎಂಜಿನ್ ಪೂರ್ತಿ ಲೋಡಿನಲ್ಲಿ ಗಂಟೆಗೆ ಸುಮಾರು 30 ಲೀಟರ್ ಡೀಸೆಲ್ ಸುಡುತ್ತದೆ. ಅಂದರೆ ನಿಮಿಷಕ್ಕೆ ಅರ್ಧ ಲೀಟರ್. ಫೀಡ್ ಪಂಪು ನಿಮಿಷಕ್ಕೆ ಎರಡು ಲೀಟರ್ ಒತ್ತಿದರೆ, ಎಂಜಿನ್ ಜೀವ ಬಿಟ್ಟು ಎಳೆಯುವಾಗಲೂ ಮುಕ್ಕಾಲು ಪಾಲು ಸುಡದೆ ಹಿಂದಕ್ಕೆ ಹೋಗಬೇಕು. ಇದು ದಂಡವಲ್ಲ. ಹಾಗೆ ಹೋಗುವ ಡೀಸೆಲ್ಲೇ ಪಂಪಿನ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ, ಸಕ್ಷನ್‌ನಲ್ಲಿ, ಅಂದರೆ ಟ್ಯಾಂಕಿನಿಂದ ಎಳೆಯುವ ಪೈಪಿನಲ್ಲಿ, ನುಸುಳಿದ ಗಾಳಿಯ ಗುಳ್ಳೆಯನ್ನೂ ತೊಳೆದುಕೊಂಡು ಹೋಗುತ್ತದೆ. ಟ್ಯಾಂಕಿನಲ್ಲಿ ಬಿದ್ದ ಮೇಲೆ ಗಾಳಿ ಮೇಲೆದ್ದು ಬಿಡುತ್ತದೆ, ಬಿಸಿ ಟ್ಯಾಂಕಿನ ತಗಡಿನಿಂದ ಹೊರಗೆ ಹೋಗುತ್ತದೆ.

ಗಾಡಿಯಲ್ಲಿ ರಿಟರ್ನ್ ಪೈಪು ಎಲ್ಲಿ ಹೋಗುತ್ತದೆ ಅಂತ ಬೆರಳಿಟ್ಟುಕೊಂಡು ಹಿಂಬಾಲಿಸಿದೆ. ಪಂಪಿನಿಂದ ಹೊರಟಿತು, ನೋಝಲ್‌ಗಳಲ್ಲಿ ಮಿಕ್ಕ ಡೀಸೆಲ್ ತರುವ ಲೀಕ್-ಆಫ್ ಪೈಪು ಬಂದು ಅದಕ್ಕೆ ಕೂಡಿತು, ಚಾಸಿ ಮೇಲೆ ಒಂದು ಮೊಳ ಹೋಯಿತು. ಅಲ್ಲಿ ಒಂದು ಹಿತ್ತಾಳೆಯ ಟೀ, ಮೂರು ಬಾಯಿಯ ಪೈಪ್ ಜೋಡಣೆ. ಆ ಟೀ ಕೂತದ್ದು ಟ್ಯಾಂಕಿನಿಂದ ಬರುವ ಸಕ್ಷನ್ ಪೈಪಿಗೆ! ಟ್ಯಾಂಕಿನ ಮೇಲೆ ನೋಡಿದರೆ ರಿಟರ್ನ್‌ಗೆ ತೂತೇ ಇಲ್ಲ.

ಆಗ ಡ್ರೈವರ್‌ಗೆ ನೆನಪಾಯಿತು. ಹಿಂದೆ ಯಾವಾಗಲೋ ಹಳೆಯ ಟ್ಯಾಂಕ್ ತುಕ್ಕು ತಿಂದು ಸೋರಿದಾಗ ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ದೊಡ್ಡ ಟ್ಯಾಂಕ್ ಮಾಡಿಸಿ ಕೂಡಿಸಿದ್ದರು. ಮಾಡಿದವರು ಸಕ್ಷನ್‌ಗೆ ಒಂದು ನಿಪ್ಪಲ್ (ಪೈಪು ಕೂಡಿಸುವ ಬಾಯಿ) ಬಿಟ್ಟರು, ರಿಟರ್ನ್‌ಗೆ ಬಿಡಲಿಲ್ಲ. ಕೂಡಿಸಿದವರು ರಿಟರ್ನ್ ಪೈಪನ್ನು ಎಲ್ಲಿ ಹಾಕಬೇಕೆಂದು ತಿಳಿಯದೆ ಹತ್ತಿರ ಸಿಕ್ಕ ಸಕ್ಷನ್‌ಗೆ ಟೀ ಹೊಡೆದು ಕೈ ತೊಳೆದುಕೊಂಡರು. ಗಾಡಿ ಓಡುತ್ತದೆ, ಸೋರುವುದಿಲ್ಲ, ಯಾರೂ ಮತ್ತೆ ಅತ್ತ ನೋಡಲಿಲ್ಲ.

ಅಂದಿನಿಂದ ಈ ಗಾಡಿಯ ಪಂಪಿನಲ್ಲಿ ಅದೇ ಬಿಸಿ ಡೀಸೆಲ್ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಟ್ಯಾಂಕಿನಿಂದ ಹೊಸದಾಗಿ ಬರುವುದು ಎಂಜಿನ್ ಸುಟ್ಟಷ್ಟು ಮಾತ್ರ. ನುಸುಳಿದ ಗಾಳಿಗೂ ಹೊರಗೆ ಹೋಗುವ ದಾರಿ ಇಲ್ಲ, ಒಂದಲ್ಲ ಒಂದು ಎಲಿಮೆಂಟಿನೊಳಗೆ ಸಿಕ್ಕಿ ಮಿಸ್ಸಿಂಗ್ ಆಗಿ ಕೇಳಿಸಲೇಬೇಕು. ಪಂಪು ಡೀಸೆಲ್ಲನ್ನು ಅಳೆಯುವುದು ಗಾತ್ರದಿಂದ, ತೂಕದಿಂದ ಅಲ್ಲ. ಡೀಸೆಲ್ 10 ಡಿಗ್ರಿ ಬಿಸಿಯಾದರೆ ಸುಮಾರು ನೂರಕ್ಕೆ 0.8ರಷ್ಟು ಹಿಗ್ಗುತ್ತದೆ. ಟ್ಯಾಂಕಿನಲ್ಲಿ ಇದ್ದುದಕ್ಕಿಂತ 30 ಡಿಗ್ರಿ ಹೆಚ್ಚು ಬಿಸಿಯಾಗಿ ಎಲಿಮೆಂಟಿಗೆ ಬಂದರೆ ಪ್ರತಿ ಹೊಡೆತಕ್ಕೂ ನೂರಕ್ಕೆ ಎರಡೂವರೆಯಷ್ಟು ಇಂಧನ ಕಮ್ಮಿ. ತೆಳುವಾದ ಡೀಸೆಲ್ ಸವೆದ ಎಲಿಮೆಂಟಿನ ಸಂದಿಯಲ್ಲಿ ಹೆಚ್ಚು ಜಾರುತ್ತದೆ, ಆ ನಷ್ಟ ಬೇರೆ. ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 40 ದಾಟುವಾಗ ಗ್ಯಾಲರಿಗೆ ಪೈಪು ಕೂಡಿಸುವ, ಒಳಗೆ ತೂತಿರುವ ಬ್ಯಾಂಜೊ ಬೋಲ್ಟಿನ ಮೇಲೆ ಥರ್ಮಾಮೀಟರ್ ಹಿಡಿದರೆ 70 ಡಿಗ್ರಿಯ ಮೇಲೆ ತೋರಿಸಿತು. ಟ್ಯಾಂಕಿನದು 40ರ ಆಸುಪಾಸು.

ಇನ್ನು ಎಲೆಕ್ಟ್ರಿಕ್ ಪಂಪಿನ ಕಥೆ. ಅದನ್ನು ಕೂಡಿಸಿದ್ದು ಟ್ಯಾಂಕಿಗೂ ಆ ಟೀಗೂ ನಡುವೆ. ಅಂದರೆ ಎಲೆಕ್ಟ್ರಿಕ್ ಪಂಪು ಒತ್ತಿದ ಒತ್ತಡ ಟೀ ಮೂಲಕ ಫೀಡ್ ಪಂಪಿಗೂ ಹೋಯಿತು, ಅದೇ ಹೊತ್ತಿಗೆ ರಿಟರ್ನ್ ಪೈಪಿನಲ್ಲಿ ಹಿಂದಿನಿಂದ ಗ್ಯಾಲರಿಗೂ ಹೋಯಿತು. ಎರಡೂ ಕಡೆಯಿಂದ ಒತ್ತಡ, ಹೊರಹೋಗಲು ಒಂದು ದಾರಿಯೂ ಇಲ್ಲ. ಗ್ಯಾಲರಿಯ ಗಾಳಿ ಬಿಡುವ ಬ್ಲೀಡ್ ಸ್ಕ್ರೂ ಬಿಚ್ಚಿ ಒತ್ತಡ ತೋರಿಸುವ ಗೇಜ್ ಕೂಡಿಸಿದೆ. ಇಂಥ ಪಂಪಿಗೆ ಸಾಮಾನ್ಯವಾಗಿ 1ರಿಂದ 1.5 ಬಾರ್ ಇದ್ದರೆ ಸಾಕು. ಸ್ವಿಚ್ ಹಾಕಿ ಎಂಜಿನ್ ಚಾಲೂ ಮಾಡುವ ಮೊದಲೇ ಮುಳ್ಳು 3 ಬಾರ್ ದಾಟಿ ನಿಂತಿತು.

ಫೀಡ್ ಪಂಪಿನೊಳಗೆ ಹಿಂದೆಮುಂದೆ ಓಡುವ ಪ್ಲಂಜರನ್ನು ತಳ್ಳುವ ಒಂದು ಸಣ್ಣ ಕಡ್ಡಿ ಇದೆ, ಕ್ಯಾಮ್‌ಶಾಫ್ಟಿನಿಂದ ಚಲನೆ ತರುವುದು ಅದೇ. ಆ ಕಡ್ಡಿಯ ಒಂದು ಕಡೆ ಡೀಸೆಲ್, ಇನ್ನೊಂದು ಕಡೆ ಎಂಜಿನ್ ಆಯಿಲ್. ಎರಡನ್ನೂ ಬೇರೆ ಇಡುವುದು ಕಡ್ಡಿ ಮತ್ತು ಅದರ ತೂತಿನ ನಡುವಿನ ಕೂದಲೆಳೆಯಷ್ಟು ಸಂದಿ ಮಾತ್ರ. ವರ್ಷಗಟ್ಟಲೆ ಓಡಿ ಸವೆದ ಸಂದಿಗೆ ಎರಡು ಪಟ್ಟು ಒತ್ತಡ ಕೊಟ್ಟರೆ ಡೀಸೆಲ್ ಆಯಿಲ್ ಕಡೆಗೇ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಏರಿದ್ದು ಹೀಗೆ. ಪಂಪು ಬಿಚ್ಚಿ ನೋಡಿದಾಗ ಆ ಕಡ್ಡಿಯನ್ನು ಬೆರಳಲ್ಲಿ ಹಿಡಿದು ಅಲುಗಾಡಿಸಬಹುದಿತ್ತು.

ಇದನ್ನು ಕೇಳಿ ಮಾಲೀಕರು ಕೇಳಿದ್ದು ನ್ಯಾಯವಾದ ಪ್ರಶ್ನೆಯೇ: "ಹಂಗಾದ್ರ ಎಲೆಕ್ಟ್ರಿಕ್ ಪಂಪ್ ತೆಗೆದ್ರ ಸಾಕಲ್ಲ?"

ತೆಗೆದು ತೋರಿಸಿದೆ. ಎಲೆಕ್ಟ್ರಿಕ್ ಪಂಪಿನ ವೈರ್ ಕಳಚಿ, ಅದನ್ನು ದಾಟಿಸಿ ಪೈಪು ಕೂಡಿಸಿ ಎಂಜಿನ್ ಚಾಲೂ ಮಾಡಿದರೆ ಗೇಜಿನ ಮುಳ್ಳು ಐಡ್ಲಿಂಗಿನಲ್ಲಿ ನಡುಗಿತು ಅಷ್ಟೇ, ರೇಸ್ ಕೊಟ್ಟರೂ ಅರ್ಧ ಬಾರ್ ಮುಟ್ಟಲಿಲ್ಲ. ಮೊದಲಿನ ಗ್ಯಾರೇಜಿನವರು ಫೀಡ್ ಪಂಪ್ ವೀಕ್ ಅಂದದ್ದು ಪೂರ್ತಿ ಸುಳ್ಳಲ್ಲ. ಆದರೆ ಅಷ್ಟೇ ಕಾರಣವೂ ಅಲ್ಲ. ಓವರ್‌ಫ್ಲೋ ವಾಲ್ವ್ ಇರಬೇಕಾದ ಜಾಗದ ಬೋಲ್ಟ್ ಬಿಚ್ಚಿ ಬಾಯಿಂದ ಊದಿದೆ. ಗಾಳಿ ಸಲೀಸಾಗಿ ಆಚೆ ಹೋಯಿತು. ನಿಜವಾದ ವಾಲ್ವಿನೊಳಗೆ ಸಣ್ಣ ಗುಂಡು, ಅದರ ಹಿಂದೆ ಸ್ಪ್ರಿಂಗ್ ಇರುತ್ತದೆ. ಬಾಯಿ ಗಾಳಿಗೆ ಅದು ಬಿಚ್ಚಿಕೊಳ್ಳದು. ಇದು ಬರಿ ಬ್ಯಾಂಜೊ ಬೋಲ್ಟ್. ಹೊರಗಿನಿಂದ ಎರಡೂ ಅಕ್ಕತಂಗಿಯರ ಹಾಗೆ ಕಾಣುತ್ತವೆ, ಹಾಗಾಗಿ ಯಾವುದೋ ರಿಪೇರಿಯಲ್ಲಿ ವಾಲ್ವ್ ಕಳೆದು ಬೋಲ್ಟ್ ಕೂತಿದೆ. ಗ್ಯಾಲರಿಯಲ್ಲಿ ಒತ್ತಡ ಹಿಡಿದು ನಿಲ್ಲಿಸುವವರೇ ಇಲ್ಲ. ಎಷ್ಟು ದೊಡ್ಡ ಫೀಡ್ ಪಂಪು ತಂದು ಕೂಡಿಸಿದರೂ ಡೀಸೆಲ್ ಟೀ ಕಡೆಗೇ ಜಾರಿ ಹೋಗುತ್ತದೆ.

ಉಳಿದದ್ದು ಗಾಳಿ. ಸಕ್ಷನ್ ಕಡೆ ಸೋರಿದರೆ ಹೊರಗೆ ಒದ್ದೆಯಾಗುವುದಿಲ್ಲ. ಅಲ್ಲಿ ಡೀಸೆಲ್ ಹೊರಬರದೆ ಗಾಳಿ ಒಳಹೋಗುತ್ತದೆ. ಕಣ್ಣಿಗೆ ಕಾಣದ ಸೋರಿಕೆ ಹಿಡಿಯಲು ಪಂಪ್ ರೂಮಿನಲ್ಲಿ ಒಂದು ಮೊಳ ಪಾರದರ್ಶಕ ಪೈಪು ಇಟ್ಟಿರುತ್ತೇವೆ. ಫೀಡ್ ಪಂಪಿನ ಬಾಯಿಗೆ ಅದನ್ನು ಕೂಡಿಸಿದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲಾಗಿ ಬರತೊಡಗಿದವು. ಟ್ಯಾಂಕಿನ ನಿಪ್ಪಲ್‌ಗೆ ಹಾಕಿದ್ದ ರಬ್ಬರ್ ಹೋಸ್ ಬಗ್ಗಿಸಿದ ಜಾಗದಲ್ಲಿ ಬಿರುಕು ಬಿಟ್ಟಿತ್ತು. ಟ್ಯಾಂಕ್ ಇಳಿದಷ್ಟೂ ಪಂಪು ಹೆಚ್ಚು ಆಳದಿಂದ ಎಳೆಯಬೇಕು, ಎಳೆತ ಹೆಚ್ಚಾದಷ್ಟೂ ಬಿರುಕಿನಿಂದ ಗಾಳಿ ಹೆಚ್ಚು. ಡ್ರೈವರ್ ಹೇಳಿದ ಅರ್ಧ ಟ್ಯಾಂಕಿನ ಮಾತು ಇಲ್ಲಿ ಬಂದು ಕೂತಿತು.

ಇಷ್ಟಾದ ಮೇಲೆ ಏನು ಮಾಡಬೇಕು ಅನ್ನುವುದರಲ್ಲಿ ಮಾಲೀಕರಿಗೂ ನನಗೂ ಸ್ವಲ್ಪ ಜಗ್ಗಾಟ ಆಯಿತು. ಅವರಿಗೆ ಎಲೆಕ್ಟ್ರಿಕ್ ಪಂಪು ಉಳಿಯಬೇಕು, ಅದಕ್ಕೆ ದುಡ್ಡು ಕೊಟ್ಟಾಗಿದೆ. ಸರಿಯಾದ ರಿಟರ್ನ್ ಮತ್ತು ಓವರ್‌ಫ್ಲೋ ವಾಲ್ವ್ ಇದ್ದರೆ ಎಲೆಕ್ಟ್ರಿಕ್ ಪಂಪು ಕೆಟ್ಟದ್ದೇನಲ್ಲ, ಇದನ್ನು ಒಪ್ಪುತ್ತೇನೆ. ಆದರೆ ಆ ಗಾಡಿಯಲ್ಲಿ ವೈರನ್ನು ನೇರ ಇಗ್ನಿಶನ್‌ನಿಂದ ಎಳೆದಿದ್ದರು. ರಿಲೇ ಇಲ್ಲ, ಫ್ಯೂಸ್ ಇಲ್ಲ. ಎಂಜಿನ್ ಬಂದ್ ಆದರೂ ಕೀಲಿ ತಿರುಗಿದ್ದರೆ ಪಂಪು ಒತ್ತುತ್ತಲೇ ಇರುತ್ತದೆ. ಗಾಡಿ ಎಲ್ಲಾದರೂ ಮಗುಚಿ ಪೈಪು ಕಿತ್ತರೆ ರಸ್ತೆ ತುಂಬ ಡೀಸೆಲ್ ಸುರಿಯುತ್ತದೆ. ಆಯಿಲ್ ಪ್ರೆಶರ್ ಬಿದ್ದೊಡನೆ ಪಂಪನ್ನು ಬಂದ್ ಮಾಡುವ ಸ್ವಿಚ್ ಹಾಕದೆ ಅದನ್ನು ಬಿಡಲು ನನಗೆ ಮನಸ್ಸಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ ಈ ಎಂಜಿನ್‌ಗೆ ಅದರ ಅಗತ್ಯವೇ ಇಲ್ಲ. ಶಕ್ತಿ ಹೆಚ್ಚಿಸಿಲ್ಲದ ಎಂಜಿನ್‌ಗೆ ಒಳ್ಳೆಯ ಮೆಕ್ಯಾನಿಕಲ್ ಫೀಡ್ ಪಂಪು ಸಾಕಾಗಿ ಮಿಗುತ್ತದೆ. ನಡುದಾರಿಯಲ್ಲಿ ಕೆಟ್ಟರೆ ಅದನ್ನು ಕಿಣ್ಣಿ ಸಡಕ್‌ನಲ್ಲೂ ಬಿಚ್ಚಿ ಕಟ್ಟಬಹುದು. "ಆಯಿಲ್‌ನಾಗ ಡೀಸೆಲ್ ಕೂಡಿ ಬೇರಿಂಗ್ ಹೋದ್ರ ಎಷ್ಟ್ ಆಗ್ತದ ಸಾವ್ಕಾರ್ರೇ, ಲೆಕ್ಕ ಹಾಕ್ರಿ" ಅಂದ ಮೇಲೆ ಅವರು ಒಪ್ಪಿದರು.

ಫೀಡ್ ಪಂಪಿಗೆ ಅದೇ ಫ್ಲೇಂಜಿಗೆ ಕೂಡುವ, ಹೆಚ್ಚು ಅಶ್ವಶಕ್ತಿಯ ಎಂಜಿನ್‌ಗಳಿಗೆ ಬರುವ ದಪ್ಪ ಪ್ಲಂಜರಿನದನ್ನು ತಂದೆವು. ಇಲ್ಲೊಂದು ಎಚ್ಚರ ಬೇಕು: ಮೂರು ಬೋಲ್ಟಿನ ತೂತು ಕೂಡಿತು ಅಂದ ಮಾತ್ರಕ್ಕೆ ಪಂಪು ಹೊಂದುವುದಿಲ್ಲ. ಕಡ್ಡಿಯ ಉದ್ದ, ರೋಲರ್ ಕ್ಯಾಮ್ ಮೇಲೆ ಕೂಡುವ ಜಾಗ ನೋಡಬೇಕು. ಈ ಪಂಪಿನಲ್ಲಿ ಡೀಸೆಲ್ಲನ್ನು ಗ್ಯಾಲರಿಗೆ ಒತ್ತುವುದು ಕ್ಯಾಮ್ ಅಲ್ಲ, ಪ್ಲಂಜರಿನ ಹಿಂದಿನ ಸ್ಪ್ರಿಂಗ್. ಕ್ಯಾಮ್ ಪ್ಲಂಜರನ್ನು ಒಂದು ಕಡೆ ತಳ್ಳಿ ಸ್ಪ್ರಿಂಗ್ ಅದುಮುತ್ತದೆ, ಸ್ಪ್ರಿಂಗ್ ಬಿಚ್ಚಿಕೊಳ್ಳುವಾಗ ಒಂದು ಕಡೆ ಒತ್ತಿ, ಇನ್ನೊಂದು ಕಡೆ ಟ್ಯಾಂಕಿನಿಂದ ಎಳೆಯುತ್ತದೆ. ಮುಂದೆ ಒತ್ತಡ ಏರಿತೆಂದರೆ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಳ್ಳದು, ಪ್ಲಂಜರಿನ ಓಟ ತಾನೇ ಗಿಡ್ಡಾಗುತ್ತದೆ. ಹಾಗಾಗಿ ಮೆಕ್ಯಾನಿಕಲ್ ಫೀಡ್ ಪಂಪು ಎಷ್ಟೇ ದೊಡ್ಡದಿದ್ದರೂ ತನ್ನ ಸ್ಪ್ರಿಂಗ್ ಮೀರಿ ಒತ್ತುವುದಿಲ್ಲ. ಹೆಚ್ಚು ಒತ್ತಡ ಬರಲೆಂದು ಸ್ಪ್ರಿಂಗ್ ಎಳೆದು ಉದ್ದ ಮಾಡಿ ಹಾಕುವವರಿದ್ದಾರೆ. ಎರಡು ತಿಂಗಳು ನಡೆಯುತ್ತದೆ, ಆಮೇಲೆ ಮುರಿದ ತುಂಡು ವಾಲ್ವಿನ ಬಾಯಲ್ಲಿ ಸಿಗುತ್ತದೆ.

ಟ್ಯಾಂಕಿನ ಕೆಲಸ ಎಲ್ಲಕ್ಕಿಂತ ಹೊತ್ತು ತೆಗೆದುಕೊಂಡಿತು. ಖಾಲಿ ಡೀಸೆಲ್ ಟ್ಯಾಂಕಿಗೆ ವೆಲ್ಡಿಂಗ್ ಹಚ್ಚುವುದು ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆ ಉಳಿದ ಆವಿಗೆ ಕಿಡಿ ತಾಗಿದರೆ ಟ್ಯಾಂಕೇ ಬಾಂಬು. ಆದ್ದರಿಂದ ವೆಲ್ಡಿಂಗ್ ಕೈಬಿಟ್ಟು, ಡೀಸೆಲ್ ಮಟ್ಟ ತೋರಿಸುವ ಫ್ಲೋಟಿನ ಪ್ಲೇಟನ್ನು ಬಿಚ್ಚಿ ಹೊರತಂದು, ಅದರಲ್ಲಿ ತೂತು ಕೊರೆದು, ಎರಡೂ ಕಡೆ ನಟ್ ಬಿಗಿದು ಹಿಡಿಯುವ ನಿಪ್ಪಲ್ ಕೂಡಿಸಿದೆವು. ರಿಟರ್ನ್ ಪೈಪು ಟ್ಯಾಂಕಿನೊಳಗೆ ತಳದಿಂದ ಒಂದು ಗೇಣು ಮೇಲಿನವರೆಗೆ ಇಳಿಯುವಂತೆ ಮಾಡಿದೆವು, ಸಕ್ಷನ್ ಪೈಪಿನಿಂದ ಆದಷ್ಟು ದೂರದ ಕಡೆಗೆ ಬಾಯಿ ತಿರುಗಿಸಿ. ಮೇಲಿನಿಂದ ಸುರಿದರೆ ಡೀಸೆಲ್ ನೊರೆಯಾಗುತ್ತದೆ, ಪಕ್ಕದಲ್ಲೇ ಬಿಟ್ಟರೆ ಬಿಸಿ ಡೀಸೆಲ್ ಹಾಗೇ ಸಕ್ಷನ್‌ಗೆ ಹೊರಳುತ್ತದೆ. ಟ್ಯಾಂಕಿನ ತಳದಲ್ಲಿ ಕೆಂಪು ಕೆಸರು, ಕೈ ಒರೆಸುವ ಬಟ್ಟೆಯ ಎಳೆಗಳು ಮತ್ತು ಒಂದು ಬಾಟಲ್ ಮುಚ್ಚಳ ಸಿಕ್ಕವು. ಅವನ್ನು ಯಾರು ಹಾಕಿದರು ಅಂತ ಡ್ರೈವರ್‌ನನ್ನು ಕೇಳಲಿಲ್ಲ.

ಪೈಪಿನ ಒಳ ಅಗಲ 8 ಮಿಲಿಮೀಟರ್ ಇತ್ತು. ಸಕ್ಷನ್ ಮತ್ತು ರಿಟರ್ನ್ ಎರಡಕ್ಕೂ 10 ಮಿಲಿಮೀಟರಿನ ನೈಲಾನ್ ಪೈಪು ಎಳೆದೆವು. ಎರಡೇ ಮಿಲಿಮೀಟರ್ ಹೆಚ್ಚು ಅನ್ನಿಸುತ್ತದೆ, ಆದರೆ ಇಷ್ಟು ನಿಧಾನ ಹರಿಯುವ ಡೀಸೆಲ್‌ಗೆ ಪೈಪಿನ ತಡೆ ಅಗಲದ ನಾಲ್ಕನೇ ಘಾತಕ್ಕೆ ತಕ್ಕಂತೆ ಇಳಿಯುತ್ತದೆ. ಲೆಕ್ಕ ಹಾಕಿದರೆ ಸುಮಾರು ಎರಡೂವರೆ ಪಟ್ಟು ಕಮ್ಮಿ. ಪೈಪು ಎಲ್ಲೂ ಸೈಲೆನ್ಸರ್ ಹತ್ತಿರ ಹೋಗದಂತೆ ಚಾಸಿಯ ಆಚೆ ಬದಿಗೆ ಕಟ್ಟಿದೆವು. ಹೊಸ ಓವರ್‌ಫ್ಲೋ ವಾಲ್ವ್, ಪ್ರತಿ ಬ್ಯಾಂಜೊಗೂ ಹೊಸ ತಾಮ್ರದ ವಾಷರ್. ಹಳೆಯ ವಾಷರ್ ಕಾಯಿಸಿ ಹಾಕಿದರೂ ನಡೆಯುತ್ತದೆ ಅನ್ನುವ ಮಾತಿದೆ. ನಡೆಯುತ್ತದೆ ನಿಜ, ಆದರೆ ಸಕ್ಷನ್ ಕಡೆ ನಾನು ಅದನ್ನು ನಂಬುವುದಿಲ್ಲ.

ಇಂಜೆಕ್ಷನ್ ಪಂಪನ್ನೂ ಇಳಿಸಿ ಟೆಸ್ಟ್ ಬೆಂಚಿಗೆ ಹಾಕಿದೆವು, ತೆಳ್ಳಗಾದ ಆಯಿಲ್‌ನಲ್ಲಿ ಓಡಿದ ಪಂಪಿನ ಬೇರಿಂಗ್ ನೋಡದೆ ಬಿಡುವಂತಿಲ್ಲ. ಬೇರಿಂಗ್ ಗಟ್ಟಿ ಇತ್ತು. ಎಲಿಮೆಂಟಿಗೆ ಒಂದರಂತೆ ಇಟ್ಟ ಆರು ಅಳತೆ ಜಾಡಿಗಳಲ್ಲಿ ಡೀಸೆಲ್ ಮಟ್ಟ ಸರಿಸುಮಾರು ಒಂದೇ ಇತ್ತು, ಒಂದು ಎಲಿಮೆಂಟನ್ನು ಮಾತ್ರ ಸ್ವಲ್ಪ ತಿರುಗಿಸಿ ಸಮ ಮಾಡಿದೆವು. ಫುಲ್ ಲೋಡ್ ಸ್ಕ್ರೂ ಕಂಪನಿ ಚಾರ್ಟಿನ ಅಳತೆಗೇ ಇಟ್ಟು ಸೀಲ್ ಹಾಕಿದೆ. ಮಾಲೀಕರು ಬೆಂಚಿನ ಪಕ್ಕದಲ್ಲೇ ನಿಂತು "ಒಂದ್ ಎಳಿ ಏರಿಸ್ರಿ, ಯಾರ್ ನೋಡ್ತಾರ" ಅಂದರು. ಆರ್‌ಟಿಒ ನೋಡುತ್ತದೆ. ವರ್ಷಕ್ಕೊಮ್ಮೆ ಫಿಟ್‌ನೆಸ್‌ಗೆ ಹೋಗುವ ಗಾಡಿ ಇದು, ಬಿಎಸ್-4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗೆ ಹೊಗೆಯ ಮಿತಿ 65 ಹಾರ್ಟ್‌ರಿಜ್ (ಹೊಗೆಯ ದಟ್ಟಣೆಯ ಅಳತೆ). ಅದಕ್ಕಿಂತ ಮುಂಚೆ ಪಿಸ್ಟನ್ ಮತ್ತು ಟರ್ಬೊ ನೋಡುತ್ತವೆ.

ಆಯಿಲ್ ಎರಡು ಸಲ ಬದಲಿಸಿದೆವು. ಮೊದಲಿನದನ್ನು ಇಳಿಸಿ, ಅಗ್ಗದ ಆಯಿಲ್ ಹಾಕಿ ಎಂಜಿನ್ ಬಿಸಿಯಾಗುವವರೆಗೆ ಐಡ್ಲಿಂಗಿನಲ್ಲಿ ಓಡಿಸಿ, ಅದನ್ನೂ ಇಳಿಸಿ, ಫಿಲ್ಟರ್ ಸಮೇತ ಹೊಸದು. ಮಾಲೀಕರಿಗೆ ಇದು ದುಂದು ಅನ್ನಿಸಿತು. ಆಯಿಲ್ ಮಟ್ಟ ಅಷ್ಟು ಏರಿದ ಎಂಜಿನ್ ತನ್ನ ಆಯಿಲ್ಲನ್ನೇ ಕುಡಿದು, ಕೀಲಿ ತೆಗೆದರೂ ನಿಲ್ಲದೆ ಓಡಿ ಸಿಡಿದದ್ದನ್ನು ಈ ಕಸುಬಿನವರು ಕಂಡಿದ್ದಾರೆ, ಆದ್ದರಿಂದ ಈ ವಿಷಯದಲ್ಲಿ ನಾನು ಚೌಕಾಶಿ ಮಾಡಲಿಲ್ಲ.

ಏರ್ ತೆಗೆಯುವ ಕೆಲಸ ಡ್ರೈವರ್ ಕೈಗೇ ಕೊಟ್ಟೆ, ದಾರಿಯಲ್ಲಿ ಅವನೇ ಮಾಡಬೇಕಾದ್ದು. "ತಮ್ಮಾ, ಮೊದಲು ಫಿಲ್ಟರ್ ಸ್ಕ್ರೂ ಸಡಿಲ ಮಾಡು. ನೊರಿ ಹೋಗಿ ಡೀಸೆಲ್ ಗಟ್ಟಿ ಬರೂತನ ಹ್ಯಾಂಡ್ ಪ್ರೈಮರ್ ಹೊಡಿ. ಬಿಗಿ ಮಾಡು. ಆಮ್ಯಾಲ ಪಂಪಿಂದು." ಪ್ರೈಮರ್ ಕೈಗೆ ಬಿಗಿಯಾಗಿ ಹತ್ತಿದಾಗ ಅವನೇ ನಕ್ಕ, ಹಳೆಯದರಲ್ಲಿ ಎಷ್ಟು ಹೊಡೆದರೂ ಅದು ಪೊಳ್ಳಾಗಿಯೇ ಇರುತ್ತಿತ್ತಂತೆ.

ಗೇಜನ್ನು ಉದ್ದ ಪೈಪಿನಿಂದ ಕ್ಯಾಬಿನ್ನಿಗೆ ಎಳೆದು, ಸಿಮೆಂಟ್ ಹೇರಿದ ಗಾಡಿಯಲ್ಲೇ ಕಮಲಾಪುರದ ಕಡೆ ಹೋದೆವು, ಬೇಕಂತಲೇ ಮಧ್ಯಾಹ್ನ. ಐಡ್ಲಿಂಗಿನಲ್ಲಿ 1.2 ಬಾರ್ ಇದ್ದದ್ದು ಓಟದಲ್ಲಿ 1.5ಕ್ಕೆ ಏರಿ ನಿಂತಿತು. ಏರಿನಲ್ಲಿ ಪೂರ್ತಿ ತುಳಿದಾಗ ಸ್ವಲ್ಪ ಇಳಿಯಿತು, ಆದರೆ 1.3ಕ್ಕಿಂತ ಕೆಳಗೆ ಹೋಗಲಿಲ್ಲ. ಮೊದಲು ಥರ್ಡಿಗೆ ಬಂದು ಕೂಡುತ್ತಿದ್ದ ಜಾಗ ಫೋರ್ತಿನಲ್ಲೇ ದಾಟಿತು. ಮಿಸ್ಸಿಂಗ್ ಇಲ್ಲ. ಕಮಲಾಪುರದಲ್ಲಿ ಚಹಾಕ್ಕೆ ನಿಲ್ಲಿಸಿ ಬ್ಯಾಂಜೊ ಮೇಲೆ ಥರ್ಮಾಮೀಟರ್ ಹಿಡಿದರೆ 50ರ ಹತ್ತಿರ. ವಾಪಸ್ ಬಂದು ರಿಟರ್ನ್ ಪೈಪನ್ನು ಅಳತೆ ಜಾಡಿಗೆ ಬಿಟ್ಟು, ರೇಸ್ ಕೊಟ್ಟು ಒಂದು ನಿಮಿಷ ಹಿಡಿದರೆ ಎರಡು ಲೀಟರಿಗೆ ಹತ್ತಿರ ತುಂಬಿತು. ಮಾಲೀಕರು ಇದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರು.

ಮೈಲೇಜ್ ಎಷ್ಟು ಹೆಚ್ಚಾಯಿತು ಅಂತ ಇಂಥ ಕೆಲಸದ ನಂತರ ಎಲ್ಲರೂ ಕೇಳುತ್ತಾರೆ. ನಾನು ಅಂಕಿ ಕೊಡುವುದಿಲ್ಲ. ಲೋಡ್ ಬೇರೆ, ದಾರಿ ಬೇರೆ, ಗಾಳಿಯ ದಿಕ್ಕು ಬೇರೆ. ಇಷ್ಟರ ನಡುವೆ ಲೀಟರಿಗೆ ಕಾಲು ಕಿಲೋಮೀಟರ್ ಹೆಚ್ಚಾಯಿತು ಅನ್ನುವುದು ಅಂಗಡಿಯ ಬೋರ್ಡಿಗೆ ಚೆಂದ. ಖರ್ಚಿನ ಮಾತು ಹೇಳಬಹುದು: ಫೀಡ್ ಪಂಪ್, ವಾಲ್ವ್, ಪೈಪು, ವಾಷರ್, ಬೆಂಚಿನ ಕೂಲಿ ಎಲ್ಲ ಸೇರಿದರೂ ಆರು ಎಲಿಮೆಂಟ್ ಮತ್ತು ನೋಝಲ್ ಬದಲಿಸುವ ಖರ್ಚಿನ ಅರ್ಧ ಮುಟ್ಟಲಿಲ್ಲ. ಪಂಪ್ ಏರಿಸಿದ ಮೇಲೂ ಎಳೆಯದಿದ್ದರೆ ಮುಂದಿನ ಹೆಜ್ಜೆ ಅದೇ ಆಗಿರುತ್ತಿತ್ತು.

ಮಳೆ ಶುರುವಾದ ಮೇಲೆ ಗಾಡಿ ಫಿಲ್ಟರ್ ಬದಲಿಸಲು ಬಂತು. ಆಯಿಲ್ ಗೆರೆಯಲ್ಲೇ ಇತ್ತು, ವಾಸನೆ ಇಲ್ಲ. ವಾಟರ್ ಸೆಪರೇಟರಿನಲ್ಲಿ ಒಂದು ಚಮಚೆಯಷ್ಟು ನೀರು, ಜೂನ್ ತಿಂಗಳಿಗೆ ಅದು ಸಹಜ. ಎಲೆಕ್ಟ್ರಿಕ್ ಪಂಪನ್ನು ಮಾಲೀಕರು ಇನ್ನೂ ಬಿಟ್ಟಿಲ್ಲ, ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಬಟ್ಟೆ ಸುತ್ತಿ ಇಟ್ಟುಕೊಂಡಿದ್ದಾರೆ. ತಮ್ಮ ಇನ್ನೊಂದು ಗಾಡಿಗೆ ಎರಡನೇ ಟ್ಯಾಂಕ್ ಕೂಡಿಸುವ ಯೋಚನೆ ಅವರದು, ಅದಕ್ಕೆ ಇದು ನಡೆಯುತ್ತದೋ ಅಂತ ಕೇಳಿದರು. ಒಂದು ಟ್ಯಾಂಕಿನಿಂದ ಎಳೆದು ಇನ್ನೊಂದಕ್ಕೆ ರಿಟರ್ನ್ ಬಿಟ್ಟರೆ ಒಂದು ಖಾಲಿಯಾಗಿ ಇನ್ನೊಂದು ಉಕ್ಕುತ್ತದೆ, ಆದ್ದರಿಂದ ಎರಡರ ತಳಕ್ಕೂ ಜೋಡುಪೈಪು ಬೇಕು, ಇಲ್ಲವೇ ಸಕ್ಷನ್ ಜೊತೆ ರಿಟರ್ನ್ ಕೂಡ ಒಟ್ಟಿಗೇ ತಿರುಗುವ ವಾಲ್ವ್ ಬೇಕು ಅಂತ ಕಾಗದದ ಮೇಲೆ ಗೀಚಿ ಕೊಟ್ಟೆ. ಟ್ಯಾಂಕ್ ಮಾಡುವವರಿಗೆ ಆರ್ಡರ್ ಕೊಡುವ ಮೊದಲು ಆ ಚೀಟಿಯನ್ನೂ ಒಯ್ಯಿರಿ, ನಿಪ್ಪಲ್ ಎರಡು ಬಿಡಿಸಿಕೊಳ್ಳಿರಿ ಅಂದೆ.